ರಾಯರು ಇನ್ನೂ ಜೋಡಿಸುತ್ತಿದ್ದಾರೆ

ಬೆಂಗಳೂರಿನಲ್ಲಿ ಬ್ಯಾಂಡ್ ನುಡಿಸುವ ಯಾವ ಪಬ್ಬಿಗಾದರೂ ಸಂಜೆ ಐದಕ್ಕೆ ಹೋಗಿ ನೋಡಿ. ವೇದಿಕೆಯ ಮೇಲೆ ಮಂಡಿಯೂರಿ, ಬಾಯಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡು, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಯಾವುದೋ ವೈರಿನ ತುದಿ ಹುಡುಕುತ್ತಿರುವವರೊಬ್ಬರು ಕಂಡರೆ ಅವರೇ ಪೆಡಲ್ ರಾಯರು. ಊರಲ್ಲಿ ಇಂಥ ರಾಯರು ಬಹಳ ಮಂದಿ ಇದ್ದಾರೆ. ಕಂಪನಿ ಬೇರೆ, ಬಡಾವಣೆ ಬೇರೆ, ಗಡ್ಡದ ಉದ್ದ ಬೇರೆ. ಸೊಂಟನೋವು ಮಾತ್ರ ಒಂದೇ. ಹಗಲು ಸಾಫ್ಟ್‌ವೇರು, ರಾತ್ರಿ ಗಿಟಾರು ಎಂದು ಪರಿಚಯ ಹೇಳಿಕೊಳ್ಳುತ್ತಾರೆ. ಎರಡನೆಯದು ಪೂರ್ತಿ ನಿಜವಲ್ಲ. ಗಿಟಾರು ಮೂಲೆಯಲ್ಲಿ ಗೋಡೆಗೆ ಒರಗಿ ಧೂಳು ಕುಡಿಯುತ್ತಿರುತ್ತದೆ. ರಾತ್ರಿಯೆಲ್ಲ ನಡೆಯುವುದು ಡಬ್ಬಿ ಜೋಡಿಸುವ ಕೆಲಸ.

ಡಬ್ಬಿ ಎಂದರೆ ರಾಯರಿಗೆ ಸಿಟ್ಟು ಬರುತ್ತದೆ, ಆದರೆ ನೋಡುವುದಕ್ಕೆ ಅವು ಡಬ್ಬಿಗಳೇ. ಎಲೆಕ್ಟ್ರಿಕ್ ಗಿಟಾರಿನ ಸದ್ದು ಆಂಪ್ಲಿಫೈಯರ್ ಮುಟ್ಟುವ ಮೊದಲೇ ಅದನ್ನು ನಡುದಾರಿಯಲ್ಲಿ ಹಿಡಿದು ಒರಟಾಗಿಸುವ, ಅಲುಗಿಸುವ, ಮಾರ್ದನಿಗೊಳಿಸುವ ಅಂಗೈಯಗಲದ ಲೋಹದ ಪೆಟ್ಟಿಗೆಗಳು. ಕಾಲಲ್ಲಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಇವುಗಳ ವಂಶಾವಳಿಯನ್ನು ರಾಯರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್‌ನ ಹಾಡನ್ನು ಧ್ವನಿಮುದ್ರಿಸುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಬೇಸ್ ಗಿಟಾರು ಗೊರಗೊರ ಎಂದಿತಂತೆ. ಹಾಗೇ ಬಿಟ್ಟರು; 1961ರಲ್ಲಿ ಹಾಡು ಗೆದ್ದಿತು. ಆ ಗೊರಗೊರವನ್ನು ಬೇಕೆಂದಾಗ ಬರಿಸುವ ಸರ್ಕ್ಯೂಟನ್ನು ಎಂಜಿನಿಯರ್ ಗ್ಲೆನ್ ಸ್ನಾಡಿ ಕಟ್ಟಿದ, ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮೆಸ್ಟ್ರೊ ಫಜ್‌ಟೋನ್ ಎಂದು ಮಾರುಕಟ್ಟೆಗೆ ಬಿಟ್ಟಿತು. ಮೊದಮೊದಲು ಕೊಳ್ಳುವವರು ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನೊಮ್ಮೆ ಕಾಲಲ್ಲಿ ಒತ್ತಿದ್ದೇ ತಡ, ಅಂಗಡಿಗಳಲ್ಲಿ ದಾಸ್ತಾನು ಖಾಲಿ. “ಅಂದ್ರೆ ಕೆಟ್ಟುಹೋದ ಮಿಷಿನ್ನಿನ ಸೌಂಡಿಗೆ ನೀವು ಸಾವಿರಾರು ರೂಪಾಯಿ ಕೊಡ್ತೀರಾ?” ಎಂದು ಹೆಂಡತಿ ಕೇಳಿದಾಗ ರಾಯರು ಉತ್ತರಿಸಲಿಲ್ಲ. ಇತಿಹಾಸಕಾರನಿಗೆ ಇಂಥ ಪ್ರಶ್ನೆಗಳು ರುಚಿಸುವುದಿಲ್ಲ.

ಕೊಳ್ಳುವುದು ಸುಲಭ. ಸಾಲಲ್ಲಿ ಯಾವುದರ ಮುಂದೆ ಯಾವುದು ಎಂಬುದೇ ಕಷ್ಟ. ಲೋಕಾರೂಢಿಯ ಕ್ರಮವೊಂದಿದೆ: ಮೊದಲು ಟ್ಯೂನರ್, ಆಮೇಲೆ ವಾ, ಕಂಪ್ರೆಸರ್, ಓವರ್‌ಡ್ರೈವ್, ಕೋರಸ್, ಡಿಲೇ, ಕೊನೆಗೆ ರಿವರ್ಬ್. ಇದು ಸುಮ್ಮನೆ ಶಾಸ್ತ್ರಕ್ಕೆ ಮಾಡಿದ್ದಲ್ಲ. ಒರಟು ಮಾಡಿದ ಸದ್ದನ್ನು ಡಿಲೇಗೆ ಕೊಟ್ಟರೆ ಪ್ರತಿಯೊಂದು ಮರುದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲು ಡಿಲೇ ಹಾಕಿ ಆಮೇಲೆ ಒರಟು ಮಾಡಿದರೆ ಮರುದನಿಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇಷ್ಟೇ ಆಗಿದ್ದರೆ ರಾಯರು ರಾತ್ರಿ ಹತ್ತಕ್ಕೆ ಮಲಗುತ್ತಿದ್ದರು. ಆದರೆ ಹಳೇ ಮಾದರಿಯ ಫಜ್ ಇದೆಯಲ್ಲ, ಅದಕ್ಕೆ ಗಿಟಾರಿನ ಪಿಕಪ್ ಜೊತೆ ನೇರ ಸಂಬಂಧವೇ ಬೇಕು. ನಡುವೆ ಬಫರ್ ಇರುವ ಪೆಡಲ್ ಬಂದರೆ ಮುನಿಸಿಕೊಂಡು ಕಿರಿಕಿರಿ ಸದ್ದು ಮಾಡುತ್ತದೆ. ಗಿಟಾರಿನ ವಾಲ್ಯೂಮ್ ತಗ್ಗಿಸಿದಾಗ ತಿಳಿಯಾಗುವ ಗುಣವನ್ನೂ ಬಿಟ್ಟುಕೊಡುತ್ತದೆ. ರಾಯರ ಟ್ಯೂನರಿನಲ್ಲೋ ಬಫರ್ ಇದೆ. ಹಾಗಾದರೆ ಫಜ್ ಮೊದಲು, ಟ್ಯೂನರ್ ಆಮೇಲೆ. ಇನ್ನು ವಾ ಎಲ್ಲಿ? ಬಫರನ್ನೇ ಕಿತ್ತೆಸೆಯೋಣವೆಂದರೆ, ಉದ್ದುದ್ದ ಕೇಬಲ್ಲುಗಳಲ್ಲಿ ಹರಿದು ಬರುವಷ್ಟರಲ್ಲಿ ಮೇಲಿನ ಸ್ವರಗಳ ಹೊಳಪೇ ಹೋಗಿಬಿಡುತ್ತದೆ. ಈ ಲೆಕ್ಕ ಬಿಡಿಸುತ್ತ ರಾಯರು ಎಷ್ಟೋ ಆಫೀಸ್ ಮೀಟಿಂಗುಗಳನ್ನು ಕಳೆದಿದ್ದಾರೆ. ಅವರ ನೋಟ್‌ಬುಕ್ಕಿನ ಬಾಣದ ಗುರುತುಗಳನ್ನು ನೋಡಿದ ಮ್ಯಾನೇಜರು, ಇಷ್ಟು ಶ್ರದ್ಧೆಯಿಂದ ಪ್ರಾಜೆಕ್ಟಿನ ಚಿತ್ರ ಬರೆಯುವ ಮನುಷ್ಯ ಇವರೊಬ್ಬರೇ ಎಂದು ತಿಳಿದಿದ್ದಾರೆ.

ಫಜ್‌ನೊಳಗಿನ ಜರ್ಮೇನಿಯಂ ಟ್ರಾನ್ಸಿಸ್ಟರಿನದು ಇನ್ನೊಂದು ಕಥೆ. ಅದಕ್ಕೆ ಸೆಕೆ ಆಗುವುದಿಲ್ಲ. ಬಿಸಿಯೇರಿದರೆ ಸದ್ದೇ ಬದಲಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯರ ಫಜ್ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇರುತ್ತದೆ. ಬಿಡಿ ಟ್ರಾನ್ಸಿಸ್ಟರ್ ಹುಡುಕಿಕೊಂಡು ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯ ಹುಡುಗ, “ಅದನ್ನ ಈಗ ಯಾರೂ ಕೇಳಲ್ಲ ಸಾರ್, ಸಿಲಿಕಾನ್ ತಗೊಳ್ಳಿ, ಒಳ್ಳೇದು” ಎನ್ನುತ್ತಾನೆ. ಒಳ್ಳೆಯದು ಬೇಡವಾಗಿರುವುದೇ ಸಮಸ್ಯೆ ಎಂದು ಅವನಿಗೆ ಹೇಗೆ ಹೇಳುವುದು?

ಇವನ್ನೆಲ್ಲ ಕೂರಿಸುವ ಹಲಗೆಯನ್ನು ಬಡಗಿಯ ಹತ್ತಿರ ಮಾಡಿಸಿದರು. ಎರಡು ಮೆಟ್ಟಿಲು, ಮುಂದಕ್ಕೆ ಇಳಿಜಾರು, ವೈರು ಇಳಿಬಿಡಲು ಉದ್ದಕ್ಕೂ ಸೀಳು. “ಚಪ್ಪಲಿ ಸ್ಟ್ಯಾಂಡಾ ಸಾರ್?” ಎಂದು ಬಡಗಿ ಕೇಳಿದ. ಅದರ ಮೇಲೆ ವೆಲ್ಕ್ರೊ ಪಟ್ಟಿ ಅಂಟಿಸಿ, ಹಸಿರು, ಹಳದಿ, ಕಿತ್ತಳೆ, ನೇರಳೆ ಬಣ್ಣದ ಪೆಡಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟು ನಡುಮನೆಯಲ್ಲಿ ನಿಲ್ಲಿಸಿದಾಗ ಸಾಕ್ಷಾತ್ ದಸರಾ ಗೊಂಬೆ ಕೂರಿಸಿದ ಹಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

“ಅಳಿಯಂದ್ರೇ, ಇದರಲ್ಲಿ ಪಟ್ಟದ ಗೊಂಬೆ ಯಾವುದು?”

“ಈ ಚಿನ್ನದ ಬಣ್ಣದ್ದು ಅತ್ತೆ.”

“ನಾವು ವಿಜಯದಶಮಿ ಆದ್ಮೇಲೆ ಎತ್ತಿಡ್ತೀವಪ್ಪ. ನೀವು?”

ಚಿನ್ನದ ಬಣ್ಣದ್ದಕ್ಕೂ ಪುರಾಣವಿದೆ. ಅಮೆರಿಕದ ಬಿಲ್ ಫಿನೆಗನ್ ಎಂಬಾತ 1994ರಲ್ಲಿ ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವನ್ನು ಕೈಯಾರೆ ಕಟ್ಟಿ ಮಾರಲು ಶುರುಮಾಡಿದ. ಯಾರೂ ನಕಲು ಮಾಡಬಾರದೆಂದು ಸರ್ಕ್ಯೂಟಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿದ. ಜನ ಕೆರೆದು, ಕರಗಿಸಿ, ಒಳಗೇನಿದೆ ಎಂದು ನೋಡಿಯೇಬಿಟ್ಟರು. ಈಗ ಅಸಲಿ ಪೆಡಲಿಗೆ ಸಾವಿರಾರು ಡಾಲರ್ ಬೆಲೆ, ನಕಲಿಗಳು ಲೆಕ್ಕವಿಲ್ಲದಷ್ಟು. ರಾಯರದು ನಕಲಿ, ಆದರೆ ನಕಲಿಗಳಲ್ಲಿ ಒಳ್ಳೆಯ ಮನೆತನದ್ದು. ನ್ಯೂಜೆರ್ಸಿಯ ಭಾವಮೈದುನ ಅದನ್ನು ಸೂಟ್‌ಕೇಸಿನಲ್ಲಿ ಕಾಲುಚೀಲದೊಳಗೆ ಸುತ್ತಿ ತಂದದ್ದು. ಹೋಗುವಾಗ ಅವನು ಹುಳಿಪುಡಿ ಒಯ್ಯುತ್ತಾನೆ. ಈ ವಿನಿಮಯ ವರ್ಷಗಳಿಂದ ಸುಸೂತ್ರವಾಗಿ ನಡೆದುಬಂದಿದೆ.

ಕಾರ್ಯಕ್ರಮದ ದಿನ ಬರುತ್ತದೆ. ಮನೆಯಲ್ಲಿ ಶುದ್ಧವಾಗಿದ್ದ ಬೋರ್ಡು ವೇದಿಕೆಗೆ ಬಂದೊಡನೆ ಗುಂಯ್ ಎನ್ನುತ್ತದೆ. ಪೆಡಲುಗಳೆಲ್ಲ ಕುಡಿಯುವುದು ಒಂಬತ್ತು ವೋಲ್ಟೇ ಆದರೂ ಓವರ್‌ಡ್ರೈವಿಗೆ ಹತ್ತು ಮಿಲಿಆಂಪ್ ಸಾಕು, ಡಿಜಿಟಲ್ ರಿವರ್ಬಿಗೆ ಮುನ್ನೂರು ಬೇಕು. ಎಲ್ಲವನ್ನೂ ಒಂದೇ ಅಡಾಪ್ಟರಿಗೆ ಸರಮಾಲೆ ಕಟ್ಟಿದರೆ ಒಂದರ ಗೊಣಗಾಟ ಇನ್ನೊಂದಕ್ಕೆ ಹರಡುತ್ತದೆ. ಇದು ಸಾಲದೆಂದು ಆಂಪ್ಲಿಫೈಯರು ಒಂದು ಪ್ಲಗ್ಗಿನಲ್ಲಿ, ಬೋರ್ಡು ಇನ್ನೊಂದರಲ್ಲಿ, ಎರಡರ ಅರ್ತ್ ಎಲ್ಲೋ ಸುತ್ತಿಕೊಂಡು ಸೇರಿರುತ್ತದೆ. ರಾಯರು ಒಂದೊಂದೇ ಪೆಡಲ್ ಕಿತ್ತು ಪರೀಕ್ಷಿಸುತ್ತಾರೆ.

“ಗುರೂ, ಆಯ್ತಾ?” ಡ್ರಮ್ಮರ್ ಕೇಳುತ್ತಾನೆ.

“ಎರಡೇ ನಿಮಿಷ ಮಗಾ.”

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅದರ ಗುಂಯ್‌ಕಾರ ಸರಿಸುಮಾರು ಜಿ ಸ್ವರದ ಹತ್ತಿರ ಬಂದು ಕೂರುತ್ತದೆ. ಅಮೆರಿಕದ್ದು 60, ಅಲ್ಲಿನದು ಬಿ ಹತ್ತಿರ. ಕೊನೆಗೆ ಸೋತ ರಾಯರು, “ಎಲ್ಲಾ ಹಾಡೂ ಜಿ ಸ್ಕೇಲಲ್ಲೇ ಹಾಡಿಬಿಡಮ್ಮ, ತಂಬೂರಿ ಥರ ಇರತ್ತೆ” ಎಂದು ಸಲಹೆ ಕೊಡುತ್ತಾರೆ. ಗಾಯಕಿ ಸಂಗೀತ ಕಲಿತವಳು. ಎರಡು ಕ್ಷಣ ಕಿವಿಗೊಟ್ಟು, “ಅಂಕಲ್, ಇದು ಜಿಗಿಂತ ಸ್ವಲ್ಪ ಮೇಲಿದೆ” ಎನ್ನುತ್ತಾಳೆ. ಗುಂಯ್‌ಗಿಂತ ‘ಅಂಕಲ್’ ಹೆಚ್ಚು ಕೊರೆಯುತ್ತದೆ.

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಗಿಟಾರಿಸ್ಟ್ ಒಬ್ಬ ರಾಯರ ಪಕ್ಕದ ಬೀದಿಯಲ್ಲೇ ಇದ್ದಾನೆ. ಅವನ ಹತ್ತಿರ ಇರುವುದು ಬಣ್ಣ ಹೋದ ಒಂದೇ ಒಂದು ಮಲ್ಟಿ ಎಫೆಕ್ಟ್ಸ್ ಯಂತ್ರ. ಅದರಲ್ಲೇ ರಾಜ್‌ಕುಮಾರ್ ಕಾಲದ ಹಾಡಿನಿಂದ ಹಿಡಿದು ಮೊನ್ನೆ ಬಂದ ಹಾಡಿನ ತನಕ, ಪೊಲೀಸರು ಬಂದು ನಿಲ್ಲಿಸುವವರೆಗೆ ನುಡಿಸುತ್ತಾನೆ. ನಿನ್ನ ಸಿಗ್ನಲ್ ಚೈನ್ ಹೇಗೆ ಎಂದು ರಾಯರು ಒಮ್ಮೆ ವಿಚಾರಿಸಿದರು. “ಮೂರನೇ ನಂಬರ್ ಹಾಡಿಗೆ, ಏಳನೇದು ಸೋಲೋಗೆ ಸಾರ್” ಎಂದ. ರಾಯರಿಗೆ ಅವನ ಮೇಲೆ ಮರುಕವುಂಟಾಯಿತು. ಆಮೇಲೆ ಮನೆಗೆ ಬಂದು, ಆ ಮೂರನೇ ನಂಬರಿನಲ್ಲಿ ಏನೇನಿರಬಹುದು ಎಂದು ಮಧ್ಯರಾತ್ರಿಯವರೆಗೆ ಊಹಿಸಿದರು.

ಹಾಗೆಂದು ರಾಯರನ್ನು ಬರೀ ಗೇಲಿ ಮಾಡಿ ಮುಗಿಸಿದರೆ ಅನ್ಯಾಯವಾದೀತು. ಒಂದು ಸಂಜೆ ಕ್ರಮವೆಲ್ಲ ತಲೆಕೆಳಗು ಮಾಡಿ, ರಿವರ್ಬನ್ನು ಮುಂದಿಟ್ಟು ಅದರ ಬಾಲವನ್ನೆಲ್ಲ ಫಜ್‌ನೊಳಗೆ ತುರುಕಿದರು. ಒಂದೇ ತಂತಿ ಮೀಟಿದ್ದು. ಕೋಣೆಯ ತುಂಬ ಎದ್ದ ಸದ್ದು ಗಿಟಾರಿನದ್ದಾಗಿರಲಿಲ್ಲ. ಯಾವುದರದ್ದು ಎಂದು ನನಗೂ ಗೊತ್ತಾಗಲಿಲ್ಲ. ಸೊಗಸಾಗಿತ್ತು. ರಾಯರು ಗೆಲುವಿನಿಂದ, ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ 1991ರ ‘ಲವ್‌ಲೆಸ್’ ಆಲ್ಬಮ್ಮಿನಲ್ಲಿ ಇಂಥದ್ದನ್ನೇ ಮಾಡಿದ್ದು ಎಂದರು. ಬೇಸ್ ನುಡಿಸುವ ಹುಡುಗ ಸುಮ್ಮನಿರಬಹುದಿತ್ತು. “ಅದರಲ್ಲಿ ಪೆಡಲ್ ಕಡಿಮೆ ಗುರೂ, ಬಹುಪಾಲು ಟ್ರೆಮೊಲೊ ಕಡ್ಡಿ ಅಲ್ಲಾಡಿಸಿ ನುಡಿಸಿದ್ದು ಅಂತ ಅವನೇ ಎಷ್ಟೋ ಸಲ ಹೇಳಿದಾನೆ” ಎಂದ. ರಾಯರು ಒಂದು ಗುಟುಕು ನೀರು ಕುಡಿದು, “ಈಗ ಅವನ ಬೋರ್ಡ್ ಎಷ್ಟು ದೊಡ್ಡದಿದೆ ನೋಡಿದೀಯಾ?” ಎಂದು ಕೇಳಿದರು. ಅದೂ ನಿಜವೇ.

ಆ ಸದ್ದು ಮರುದಿನ ಬರಲಿಲ್ಲ. ರಾಯರು ಗುಬುಟುಗಳ ಫೋಟೊ ತೆಗೆದಿಡಲು ಮರೆತಿದ್ದರು. ಅದನ್ನು ಮರಳಿ ಹಿಡಿಯಲು ಒಂದು ಪೆಡಲ್ ಮಾರಿ ಇನ್ನೊಂದು ತಂದರು, ಅದನ್ನು ಮಾರಿ ಮತ್ತೊಂದು. ಪೆಡಲ್ ಮಾರುವುದು, ಕೊಳ್ಳುವುದು ಈ ಊರಲ್ಲಿ ಹತ್ತಾರು ರಾಯರ ನಡುವೆಯೇ ಸುತ್ತುವ ವ್ಯವಹಾರ. ಮೊನ್ನೆ ಹಳೆಯ ಹಸಿರು ಟ್ಯೂಬ್ ಸ್ಕ್ರೀಮರ್ ಒಂದು ಒಳ್ಳೇ ಬೆಲೆಗೆ ಸಿಕ್ಕಿತೆಂದು ಕೋರಮಂಗಲಕ್ಕೆ ಹೋಗಿ ತಂದರು. ತಳ ಬಿಚ್ಚಿ ನೋಡಿದವರೇ ಹಣೆ ಚಚ್ಚಿಕೊಂಡರು.

“ಯಾವನೋ ಚಿಪ್ ಬದಲಾಯಿಸಿದಾನೆ ಕಣೇ. ಬೆಸುಗೆ ನೋಡು, ಕೈ ನಡುಗೋನು ಹಾಕಿರೋ ಹಾಗಿದೆ. ಇಂಥೋರಿಗೆಲ್ಲ ಯಾರು ಸೋಲ್ಡರಿಂಗ್ ಐರನ್ ಕೊಡ್ತಾರೋ!”

ಹೆಂಡತಿ ತಳದ ಮುಚ್ಚಳವನ್ನು ತಿರುಗಿಸಿ ನೋಡಿದಳು. ವೆಲ್ಕ್ರೊ ಪಟ್ಟಿಯ ಅಂಚಿನಲ್ಲಿ ಮಗಳು ಎಲ್‌ಕೆಜಿಯಲ್ಲಿದ್ದಾಗ ಅಂಟಿಸಿದ ಛೋಟಾ ಭೀಮನ ಸ್ಟಿಕರ್ ಅರ್ಧ ಉಳಿದಿತ್ತು.

“ನಾನೇ ಕೊಡಿಸಿದ್ದು ರೀ,” ಎಂದಳು, “ನಿಮ್ಮ ಬರ್ತ್‌ಡೇಗೆ.”