ಕೆಲಸ ಕಳಕೊಂಡ ಒಂದು ನಂಬರಿನ ಜೊತೆ

ಪ್ರತಿ ಜುಲೈನಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೂವತ್ತು ತಂಡಗಳು ಹೈಸ್ಕೂಲು, ಕಾಲೇಜುಗಳಲ್ಲಿ ಆಡುವ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐಪಿಎಲ್ ಹರಾಜಿನ ಹಾಗೆ ಇಲ್ಲಿ ಬೆಲೆ ಕೂಗುವವರಿಲ್ಲ. ತಂಡ ಒಂದು ಹೆಸರು ಹೇಳಿತೆಂದರೆ ಆ ಹುಡುಗ ಆ ತಂಡದ ಜೊತೆಗೇ ವ್ಯವಹಾರ ಕುದುರಿಸಬೇಕು. ಹೆಸರು ಕೂಗಿ ಅರ್ಧ ನಿಮಿಷ ಆಗಿರುವುದಿಲ್ಲ, ಆ ಊರಿನ ಅಭಿಮಾನಿಗಳು ಒಂದೋ ಕುಣಿಯುತ್ತಾರೆ, ಇಲ್ಲವೇ ತಲೆ ಚಚ್ಚಿಕೊಳ್ಳುತ್ತಾರೆ.

ಈ ಸಂಭ್ರಮ, ಸಂಕಟಗಳ ಬಗ್ಗೆ ಮಾತಾಡಲು ತಜ್ಞರು ಬೇಕಾದಷ್ಟು ಜನ ಸಿಗುತ್ತಾರೆ. ನಾವು ಹುಡುಕಿಕೊಂಡು ಹೋದದ್ದು 1390 ಎಂಬ ಒಂದು ಸಂಖ್ಯೆಯನ್ನು. 1988ರ ಡ್ರಾಫ್ಟಿನ 62ನೇ ಸುತ್ತಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಮೈಕ್ ಪಿಯಾಜಾ ಎಂಬ ಹುಡುಗನನ್ನು ಆರಿಸಿಕೊಂಡದ್ದು ಈ ಸಂಖ್ಯೆಗೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ, ದಿಗ್ಗಜರ ಗೌರವಕ್ಕಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮಿನ ಎದುರಿಗೆ ಬಿಸಿಲು ಕಾಯಿಸುತ್ತ ಕೂತಿತ್ತು. ಕೊನೆಯ ಸೊನ್ನೆ ಸ್ವಲ್ಪ ಸವೆದಿದೆ. ನಾಲಿಗೆ ಮಾತ್ರ ಸವೆದಿಲ್ಲ.

ಪ್ರಶ್ನೆ: ನಮಸ್ಕಾರ. ಈಗೇನು ಮಾಡಿಕೊಂಡಿದ್ದೀರಿ?

1390: ಏನು ಮಾಡೋದು ಸ್ವಾಮಿ, ಖಾಲಿ ಕೂತಿದ್ದೀನಿ. 1965ರಲ್ಲಿ ಡ್ರಾಫ್ಟ್ ಶುರುವಾದಾಗ ಸುತ್ತುಗಳಿಗೆ ಮಿತಿ ಅನ್ನೋದೇ ಇರಲಿಲ್ಲ. ತಂಡಗಳಿಗೆ ಸಾಕು ಅನ್ನಿಸೋವರೆಗೂ ಹೆಸರು ಕೂಗ್ತಾ ಹೋಗೋರು. ಆಮೇಲೆ ಐವತ್ತು ಸುತ್ತು ಸಾಕು ಅಂದ್ರು. 2012ರಲ್ಲಿ ನಲವತ್ತಕ್ಕಿಳಿಸಿದ್ರು, ಅಲ್ಲಿಗೆ ನನ್ನ ಕುರ್ಚಿ ಹೋಯ್ತು. 2020ರಲ್ಲಿ ಕೋವಿಡ್ ಬಂತು, ಬರೀ ಐದು ಸುತ್ತು. ಅದು ಮುಗಿದ ಮೇಲೆ ಇಪ್ಪತ್ತಕ್ಕೆ ನಿಲ್ಸಿದಾರೆ. ಈಗ ಆರುನೂರು ಚಿಲ್ಲರೆ ನಂಬರುಗಳಿಗೆ ಮಾತ್ರ ಕೆಲಸ. ನಮ್ಮಂಥೋರು ಅಷ್ಟೂ ಜನ ಬೀದಿಗೆ ಬಿದ್ವಿ. ಒಬ್ಬ ಅಭಿಮಾನಿ ಬಂದು ಧಿಕ್ಕಾರ ಕೂಗ್ಲಿಲ್ಲ ನೋಡಿ.

ಪ್ರಶ್ನೆ: ಆದರೆ ಅಭಿಮಾನಿಗಳು ನಿಮ್ಮನ್ನು ನೆನೆಸಿಕೊಳ್ಳದ ಡ್ರಾಫ್ಟ್ ಇಲ್ಲವಲ್ಲ?

1390: ಅದೇ ನನ್ನ ಗ್ರಹಚಾರ. ತಂಡ ಯಾರೂ ಕೇಳರಿಯದ ಹುಡುಗನನ್ನ ತಗೊಂಡ್ರೆ ಸಾಕು, ಯಾವನೋ ಒಬ್ಬ ಎದ್ದು ನಿಂತು ‘ಪಿಯಾಜಾ ಎಷ್ಟನೇಯವನು ಗೊತ್ತಾ? ಸಾವಿರದ ಮುನ್ನೂರ ತೊಂಬತ್ತು!’ ಅಂತಾನೆ. ಎಲ್ಲರಿಗೂ ಸಮಾಧಾನ. ನಾನು ಎಷ್ಟೋ ವರ್ಷ ಡ್ಯೂಟಿ ಮಾಡಿದ್ದೀನಿ. ಬೇರೆ ವರ್ಷಗಳಲ್ಲಿ ನನ್ನ ಪಾಲಿಗೆ ಬಂದ ಹುಡುಗರು ಯಾರು, ಏನಾದ್ರು ಅಂತ ಯಾರಾದ್ರೂ ಕೇಳ್ತಾರಾ? ಅವರಿಗೂ ಅಪ್ಪ ಅಮ್ಮ ಇದ್ರು, ಫೋನ್ ಬಂದಾಗ ಅವರ ಮನೇಲೂ ಪಾಯಸ ಮಾಡಿರ್ತಾರೆ, ಅಥವಾ ಅಲ್ಲಿಯೋರು ಪಾಯಸಕ್ಕೆ ಬದಲು ಏನು ಮಾಡ್ತಾರೋ ಅದು. ಒಬ್ಬನನ್ನ ಹಿಡ್ಕೊಂಡು ಉಳಿದೋರನ್ನೆಲ್ಲ ಮರೆಯೋದಕ್ಕೆ ಇವರು ‘ಆಶಾವಾದ’ ಅಂತಾರೆ.

ಪ್ರಶ್ನೆ: ಹಾಗಾದರೂ ಪಿಯಾಜಾನನ್ನು ಗುರುತಿಸಿದ ಸ್ಕೌಟಿನ, ಅಂದರೆ ತಂಡಕ್ಕಾಗಿ ಪ್ರತಿಭೆ ಹುಡುಕುವವನ, ಕಣ್ಣನ್ನು ಮೆಚ್ಚಲೇಬೇಕು.

1390: (ನಗುತ್ತದೆ. ಮೂರರ ಹೊಟ್ಟೆ ಕುಲುಕುತ್ತದೆ.) ಯಾವ ಸ್ಕೌಟು ಸ್ವಾಮಿ? ಅದು ಶುದ್ಧ ವಶೀಲಿ. ಹುಡುಗನ ಅಪ್ಪ ವಿನ್ಸ್ ಪಿಯಾಜಾ, ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ, ಇಬ್ಬರೂ ಪೆನ್ಸಿಲ್ವೇನಿಯಾದ ಒಂದೇ ಕಡೆಯೋರು, ಚಿಕ್ಕಂದಿನ ಸ್ನೇಹಿತರು. ‘ನಮ್ಮ ಹುಡುಗನದೊಂದು ಹೆಸರು ಹಾಕಿಸಪ್ಪಾ’ ಅಂದ್ರೆ ಇಲ್ಲ ಅನ್ನೋಕಾಗುತ್ತಾ? ಹಾಕ್ಸಿದ್ರು. ಅದೂ ಎಲ್ಲಿ? ತಂಡದೋರೆಲ್ಲ ಫೈಲು ಕಟ್ಟಿ ಊಟಕ್ಕೆ ಏಳೋ ಹೊತ್ತಿಗೆ. ಹುಡುಗ ಫಸ್ಟ್ ಬೇಸ್ ಆಡ್ತಿದ್ದ. ಆ ಜಾಗದಲ್ಲಿ ನಿನಗೆ ಭವಿಷ್ಯ ಇಲ್ಲ, ಕ್ಯಾಚರ್ ಆಗು ಅಂದ್ರು, ಆದ. ಆಮೇಲೆ ಅವನು ಹೊಡೆದದ್ದು 427 ಹೋಮ್ ರನ್. ಅದರಲ್ಲಿ 396 ಕ್ಯಾಚರ್ ಆಗಿದ್ದಾಗಲೇ. ಕ್ಯಾಚರುಗಳಲ್ಲಿ ಅದೇ ದಾಖಲೆ. ಈಗ ಅಭಿಮಾನಿಗಳು ಇದನ್ನ ‘ಪ್ರತಿಭೆಗೆ ಸಿಕ್ಕ ಜಯ’ ಅಂತ ಮಕ್ಕಳಿಗೆ ಹೇಳ್ತಾರೆ. ಹೇಳ್ಲಿ. ಶಿಫಾರಸು ಪತ್ರಕ್ಕೆ ಜಯ ಅಂದ್ರೆ ಕೇಳೋಕೆ ಚೆನ್ನಾಗಿರಲ್ಲ.

ಪ್ರಶ್ನೆ: 2016ರಲ್ಲಿ ನಿಮಗೂ ದೊಡ್ಡ ಗೌರವ ಸಿಕ್ಕಿತಲ್ಲ?

1390: ಇದೇ ಊರಲ್ಲಿ. ಆ ಜುಲೈನಲ್ಲಿ ವೇದಿಕೆ ಮೇಲೆ ಇಬ್ಬರೇ ಹೊಸಬರು. ಒಬ್ಬ ಕೆನ್ ಗ್ರಿಫಿ ಜೂನಿಯರ್, 1987ರ ಡ್ರಾಫ್ಟಿನ ಮೊಟ್ಟಮೊದಲ ಹೆಸರು. ಪಕ್ಕದಲ್ಲಿ ನಮ್ಮೋನು. ಡ್ರಾಫ್ಟಿನ ಒಂದನೇ ಸ್ಥಾನದಿಂದ ಹಾಲ್ ಆಫ್ ಫೇಮಿಗೆ ಹೋದವರಲ್ಲಿ ಗ್ರಿಫಿಯೇ ಮೊದಲು. ಡ್ರಾಫ್ಟಲ್ಲಿ ಅಷ್ಟು ಹಿಂದೆ ಸಿಕ್ಕಿ ಅಲ್ಲಿಗೆ ಬಂದೋರಲ್ಲಿ ನಮ್ಮೋನನ್ನ ಬಿಟ್ರೆ ಇನ್ನೊಬ್ಬ ಇಲ್ಲ. ಆ ದಿನ ನಂಬರ್ ಒಂದು ನನ್ನ ಮುಖ ನೋಡ್ತು. ‘ಯಾವ ಡಿಪಾರ್ಟ್‌ಮೆಂಟು?’ ಅಂತ ಕೇಳ್ತು.

ಪ್ರಶ್ನೆ: ಡ್ರಾಫ್ಟ್ ರಾತ್ರಿ ಅಭಿಮಾನಿ ಹೇಗಿರುತ್ತಾನೆ? ನೀವು ಹತ್ತಿರದಿಂದ ಕಂಡವರು.

1390: ಬೆಳಗ್ಗೆವರೆಗೂ ಆ ಹುಡುಗನ ಹೆಸರು ಕೇಳಿರಲ್ಲ. ಸಾಯಂಕಾಲ ಆರಕ್ಕೆ ಎರಡು ನಿಮಿಷದ ವಿಡಿಯೋ ನೋಡ್ತಾನೆ. ಆರೂಕಾಲಿಗೆ ‘ಇವನ ಸ್ವಿಂಗಲ್ಲಿ ಲೋಪ ಇದೆ’ ಅಂತಾನೆ. ಸ್ಕೌಟುಗಳು ಹುಡುಗರಿಗೆ ಇಪ್ಪತ್ತರಿಂದ ಎಂಬತ್ತರವರೆಗೆ ಮಾರ್ಕ್ಸ್ ಹಾಕ್ತಾರೆ. ಐವತ್ತು ಅಂದ್ರೆ ಮೇಜರ್ ಲೀಗಿನ ಸಾಧಾರಣ ಆಟಗಾರ. ಅದಕ್ಕೋಸ್ಕರ ಒಬ್ಬ ಸ್ಕೌಟು ವರ್ಷಗಟ್ಟಲೆ ಕಾರಲ್ಲಿ ಊರೂರು ಅಲೆದು, ಸ್ಕೂಲ್ ಮೈದಾನದ ಕಬ್ಬಿಣದ ಬೆಂಚಲ್ಲಿ ಕೂತು, ಸ್ಟಾಪ್‌ವಾಚ್ ಒತ್ತಿ, ಹುಡುಗ ಔಟಾದಾಗ ಹೆಲ್ಮೆಟ್ ಎಸೀತಾನಾ ಇಲ್ವಾ ಅಂತ ಬರ್ಕೊಂಡು ಬರ್ತಾನೆ. ಅಭಿಮಾನಿಗೆ ಅದೇನೂ ಬೇಕಾಗಿಲ್ಲ. ಅವನ ಹತ್ರ ಯಾರು ಎಷ್ಟನೇ ಸರದಿಗೆ ಹೋಗ್ತಾರೆ ಅಂತ ಊಹಿಸೋ ಮಾಕ್ ಡ್ರಾಫ್ಟ್ ಪಟ್ಟಿ ಇರುತ್ತೆ. ಪಟ್ಟಿಯಲ್ಲಿ ಹದಿನೆಂಟನೇಯವನನ್ನ ತಂಡ ಹನ್ನೊಂದಕ್ಕೆ ತಗೊಂಡ್ರೆ ಮನೆ ಮುಳುಗಿಹೋಯ್ತು. ಪಟ್ಟಿಯಲ್ಲಿ ಐದನೇಯವನು ಹನ್ನೊಂದಕ್ಕೆ ಸಿಕ್ಕಿದ್ರೆ ಲಾಟರಿ. ಹತ್ತು ತಂಡಗಳು ಅವನನ್ನ ಯಾಕೆ ಬಿಟ್ವು ಅಂತ ಒಂದು ಗಳಿಗೆ ಯೋಚನೆ ಮಾಡಲ್ಲ.

ನಿಜ ಹೇಳ್ಲಾ? ಅವನ ಸಿಟ್ಟು ಆ ಹುಡುಗನ ಮೇಲಲ್ಲ. ಹೋದ ವರ್ಷ ತೊಂಬತ್ತೈದು ಪಂದ್ಯ ಸೋತ ತಂಡದ ಮೇಲೆ, ಕಾಸು ಬಿಚ್ಚದ ಮಾಲೀಕನ ಮೇಲೆ. ಮಾಲೀಕ ಕೈಗೆ ಸಿಗಲ್ಲ. ಹದಿನೆಂಟು ವರ್ಷದ ಹುಡುಗ ಟೋಪಿ ಹಾಕ್ಕೊಂಡು ಟೀವಿಯಲ್ಲಿ ಹಲ್ಲು ಕಿರೀತಾ ನಿಂತಿರ್ತಾನೆ.

ಪ್ರಶ್ನೆ: ಆದರೆ ತಂಡಗಳು ತಪ್ಪು ಮಾಡಿದ್ದೂ ಇದೆಯಲ್ಲ?

1390: ಇಲ್ಲ ಅಂದ್ನಾ? 1966ರಲ್ಲಿ ಮೊದಲ ಸರದಿ ನ್ಯೂಯಾರ್ಕ್ ಮೆಟ್ಸ್ ತಂಡದ್ದು. ಸ್ಟೀವ್ ಚಿಲ್‌ಕಾಟ್ ಅನ್ನೋ ಕ್ಯಾಚರನ್ನ ತಗೊಂಡ್ರು. ಅವನು ಮೇಜರ್ ಲೀಗ್ ಮೆಟ್ಟಿಲು ಹತ್ತಲೇ ಇಲ್ಲ. ಎರಡನೇ ಸರದಿಗೆ ಹೋದೋನು ಮುಂದೆ ದೊಡ್ಡ ಹೆಸರು ಮಾಡಿದ ರೆಜಿ ಜ್ಯಾಕ್ಸನ್. 1992ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಸ್ಕೌಟು ಹ್ಯಾಲ್ ನ್ಯೂಹೌಸರ್, ತಾನೇ ಹಾಲ್ ಆಫ್ ಫೇಮ್ ಆಟಗಾರ, ಮಿಷಿಗನ್‌ನ ಕಲಮಜೂ ಊರಲ್ಲಿ ಒಬ್ಬ ಹುಡುಗನನ್ನ ಕಂಡು ‘ಇವನನ್ನೇ ತಗೊಳ್ಳಿ’ ಅಂತ ಬಡ್ಕೊಂಡ. ತಂಡ ಫಿಲ್ ನೆವಿನ್‌ನನ್ನ ತಗೊಳ್ತು. ಮುದುಕ ಕೆಲಸ ಬಿಟ್ಟು ಮನೆಗೆ ಹೋದ. ಆ ಹುಡುಗ ಆರನೇ ಸರದಿಗೆ ಯಾಂಕೀಸ್ ಪಾಲಾದ. ಡೆರೆಕ್ ಜೀಟರ್. ಈಗ ಹ್ಯೂಸ್ಟನ್‌ನಲ್ಲಿ ಯಾರನ್ನ ಕೇಳಿದ್ರೂ ‘ನಾನು ಅವತ್ತೇ ಜೀಟರ್ ಅಂದಿದ್ದೆ’ ಅಂತಾರೆ. ಅಂದವನು ಒಬ್ಬನೇ, ಅವನು ರಾಜೀನಾಮೆ ಕೊಟ್ಟ. ಉಳಿದೋರು ಆಗ ಏನು ಮಾಡ್ತಿದ್ರೋ. ನೆವಿನ್ ಕೂಡ 208 ಹೋಮ್ ರನ್ ಹೊಡೆದ, ಪಾಪ. ಜೀಟರ್ ಆಗಲಿಲ್ಲ ಅನ್ನೋದೇ ಅವನ ಅಪರಾಧ.

ಪ್ರಶ್ನೆ: ಮೈಕ್ ಟ್ರೌಟ್ ಕತೆಯೂ ಅಂಥದ್ದೇ ಅಲ್ಲವೇ?

1390: ಅದು 2009. ನ್ಯೂಜೆರ್ಸಿಯ ಸಿಕಾಕಸ್ ಊರಲ್ಲಿ ಟೀವಿ ಸ್ಟುಡಿಯೋ. ಆಟಗಾರರು ಕೂರೋಕೆ ಡಗೌಟ್ ಥರ ಒಂದು ಜಾಗ ಮಾಡಿದ್ರು. ಕರೆದೋರಲ್ಲಿ ಬಂದದ್ದು ಒಬ್ಬನೇ, ಅದೇ ರಾಜ್ಯದ ಮಿಲ್‌ವಿಲ್ ಹುಡುಗ. ಅಷ್ಟು ದೊಡ್ಡ ಬೆಂಚಲ್ಲಿ ಕೂತಿದಾನೆ. ಒಂದು ಹೆಸರು ಕೂಗಿದ್ರು, ಇವನದಲ್ಲ. ಹತ್ತಾಯ್ತು. ಇಪ್ಪತ್ತಾಯ್ತು. ಕ್ಯಾಮೆರಾ ಆಗಾಗ ಅವನ ಕಡೆ ತಿರುಗುತ್ತೆ, ಬೇರೆ ಯಾರೂ ಇಲ್ವಲ್ಲ ತೋರಿಸೋಕೆ. ನಾನು ದೂರದಲ್ಲಿ ನಿಂತು ನನ್ನ ಹತ್ರ ಬಂದ್ಬಿಡ್ತಾನೇನೋ ಅಂತ ಕಾಯ್ತಿದ್ದೆ. ಏಂಜಲ್ಸ್ ತಂಡಕ್ಕೆ 24, 25 ಎರಡೂ ಸರದಿ ಒಟ್ಟಿಗೇ ಸಿಕ್ಕಿತ್ತು. 24ಕ್ಕೂ ಇವನ ಹೆಸರು ಹೇಳ್ಲಿಲ್ಲ ಸ್ವಾಮಿ, ರ‍್ಯಾಂಡಲ್ ಗ್ರಿಚಕ್ ಅಂದ್ರು. ಆಮೇಲೆ ಇವನು. ಅಷ್ಟು ತಂಡಗಳಿಗೆ ಗೊತ್ತಾಗ್ಲಿಲ್ಲ ಅಂದ್ಮೇಲೆ ಅಭಿಮಾನಿಗೆ ಎಲ್ಲಿಂದ ಗೊತ್ತಿರುತ್ತೆ?

ಮುಂದಿಂದು ಕೇಳಿ. ಅವನು ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸ್ಕೊಂಡ. ಇಪ್ಪತ್ತನಾಲ್ಕು ಸರದಿ ತಪ್ಪಿಸ್ಕೊಂಡ ವಜ್ರ ಕೈಗೆ ಸಿಕ್ತು. ಏಂಜಲ್ಸ್ ಅಭಿಮಾನಿಗೆ ಏನು ಬಂತು? 2014ರಲ್ಲಿ ಪ್ಲೇಆಫ್ ತಲುಪಿ, ಆಡಿದ ಮೂರಕ್ಕೆ ಮೂರೂ ಪಂದ್ಯ ಸೋತ್ರು.

ಪ್ರಶ್ನೆ: ತಂಡ ಬೇಕೆಂದೇ ಅಗ್ಗದ ಹುಡುಗನನ್ನು ಆರಿಸಿತು ಎಂದು ಅಭಿಮಾನಿಗಳು ಗೊಣಗುವುದುಂಟು.

1390: ಉಂಟು. ಮೊದಲ ಹತ್ತು ಸುತ್ತಿನ ಪ್ರತಿ ಸರದಿಗೂ ಇಷ್ಟು ಬೋನಸ್ ಅಂತ ಲೀಗ್ ಗೊತ್ತು ಮಾಡಿರುತ್ತೆ. ಒಬ್ಬನಿಗೆ ಕಡಿಮೆ ಕೊಟ್ಟು ಉಳಿಸಿದ್ದನ್ನ ಇನ್ನೊಬ್ಬನಿಗೆ ಹಾಕಬಹುದು. 2012ರಲ್ಲಿ ಆಸ್ಟ್ರೋಸ್ ಅದನ್ನೇ ಮಾಡಿದ್ದು. ಮೊದಲ ಸರದಿಗೆ ನಿಗದಿ 72 ಲಕ್ಷ ಡಾಲರ್. ಪೋರ್ಟೊರಿಕೊದ ಕಾರ್ಲೋಸ್ ಕೊರಿಯಾನನ್ನ 48 ಲಕ್ಷಕ್ಕೆ ಒಪ್ಪಿಸಿ, ಉಳಿದದ್ದರಲ್ಲಿ 41ನೇ ಸರದಿಗೆ ಲ್ಯಾನ್ಸ್ ಮೆಕಲರ್ಸ್‌ನನ್ನ ಹಿಡಿದ್ರು. ‘ಜಿಪುಣರು, ಜಿಪುಣರು’ ಅಂತ ಅಭಿಮಾನಿಗಳು. 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಇಬ್ಬರೂ ತಂಡದಲ್ಲಿದ್ರು. ಆಗ ಅದೇ ಬಾಯಿ ‘ದೂರದೃಷ್ಟಿ’ ಅಂತು. ಅಷ್ಟೇ ಅಲ್ಲ, 2014ರಲ್ಲಿ ಮೊದಲ ಸರದಿಗೆ ಆರಿಸಿದ ಬ್ರೇಡಿ ಏಕನ್ ಜೊತೆ ಮೊಣಕೈ ವಿಚಾರಕ್ಕೆ ಮಾತು ಮುರಿದು ಅವನು ಸಹಿಯೇ ಹಾಕ್ಲಿಲ್ಲ. ಊರೆಲ್ಲ ಛೀ ಥೂ. ಅದಕ್ಕೆ ಪರಿಹಾರವಾಗಿ ಮುಂದಿನ ವರ್ಷ ಸಿಕ್ಕ ಎರಡನೇ ಸರದಿಯಲ್ಲಿ ಬಂದೋನು ಅಲೆಕ್ಸ್ ಬ್ರೆಗ್‌ಮನ್. ಅವನೂ 2017ರ ತಂಡದಲ್ಲಿದ್ದ. ಎಡವಿ ಬಿದ್ದ ಕಡೆ ಕೊಪ್ಪರಿಗೆ.

ಪ್ರಶ್ನೆ: ಆರಿಸಿದ ಹುಡುಗ ತಾನೇ ಒಲ್ಲೆ ಎಂದರೆ?

1390: ಆಗ ನೋಡ್ಬೇಕು ಪ್ರೀತಿ ಅಂದ್ರೇನು ಅಂತ! ಫಿಲಡೆಲ್ಫಿಯಾ ಫಿಲ್ಲೀಸ್ 1997ರಲ್ಲಿ ಎರಡನೇ ಸರದಿಗೆ ಜೆ.ಡಿ. ಡ್ರೂನನ್ನ ಆರಿಸ್ತು. ಕೇಳಿದ ದುಡ್ಡು ತಂಡ ಕೊಡಲಿಲ್ಲ, ಅವನು ಬರಲಿಲ್ಲ. ಮುಂದಿನ ವರ್ಷ ಸೇಂಟ್ ಲೂಯಿಸ್ ತಂಡಕ್ಕೆ ಹೋದ. 1999ರ ಆಗಸ್ಟ್‌ನಲ್ಲಿ ಆ ತಂಡದ ಜೊತೆ ಫಿಲಡೆಲ್ಫಿಯಾಗೆ ಬಂದಾಗ ಗ್ಯಾಲರಿಯಿಂದ ಬ್ಯಾಟರಿ ತೂರಿದ್ರು. ಟಾರ್ಚಿಗೆ ಹಾಕ್ತೀವಲ್ಲ, ಅದೇ ಬ್ಯಾಟರಿ. ಮನೆಯಿಂದ ಹೊರಡೋವಾಗ್ಲೇ ಜೇಬಿಗೆ ಹಾಕ್ಕೊಂಡು ಬಂದಿರ್ಬೇಕಲ್ವಾ? ನನಗೆ ಆ ಪೂರ್ವತಯಾರಿ ಬಗ್ಗೆ ಗೌರವ ಇದೆ. ತಂಡದ ಆಡಳಿತಕ್ಕೂ ಅಷ್ಟು ಮುಂದಾಲೋಚನೆ ಇದ್ದಿದ್ರೆ ಡ್ರೂ ಅಲ್ಲೇ ಇರ್ತಿದ್ದ.

ಪ್ರಶ್ನೆ: ನಮ್ಮ ಓದುಗರಿಗಾಗಿ ಕೇಳುತ್ತಿದ್ದೇವೆ. ಭಾರತದ ಮೂಲದವರು?

1390: ಬರ್ತಿದಾರೆ. 2023ರಲ್ಲಿ ಟೊರಾಂಟೊ ಬ್ಲೂ ಜೇಸ್ 20ನೇ ಸರದಿಗೆ ಅರ್ಜುನ್ ನಿಮ್ಮಲನನ್ನ ಆರಿಸ್ತು. ಭಾರತದಿಂದ ಹೋದ ದಂಪತಿಯ ಮಗ, ಫ್ಲಾರಿಡಾ ಹೈಸ್ಕೂಲು. ಕುಮಾರ್ ರಾಕರ್ ಅಂತ ಇನ್ನೊಬ್ಬ, ತಾಯಿ ಕಡೆಯಿಂದ ಭಾರತ. 2021ರಲ್ಲಿ ಮೆಟ್ಸ್ 10ನೇ ಸರದಿಗೆ ತಗೊಂಡು, ವೈದ್ಯರ ವರದಿ ನೋಡಿ ಕೈಬಿಟ್ಟಿತು. ಒಂದು ವರ್ಷ ಬಿಟ್ಟು ಟೆಕ್ಸಸ್ ರೇಂಜರ್ಸ್ ಅವನನ್ನೇ 3ನೇ ಸರದಿಗೆ ತಗೊಂಡ್ರು. ಅದೇ ತೋಳು, ಅದೇ ಹುಡುಗ, ಏಳು ಸ್ಥಾನ ಮೇಲೆ. ಭಾರತದ ಟೀವಿ ಸ್ಪರ್ಧೆಯಿಂದ ಬಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ರಲ್ಲ ರಿಂಕು ಸಿಂಗ್, ದಿನೇಶ್ ಪಟೇಲ್, ಅವರಿಗೂ ನಮಗೂ ಸಂಬಂಧ ಇಲ್ಲ. ಅಮೆರಿಕ, ಕೆನಡಾ, ಪೋರ್ಟೊರಿಕೊ ಥರದ ಅಮೆರಿಕದ ಪ್ರಾಂತ್ಯಗಳಲ್ಲಿ ಇರೋ, ಓದೋ ಹುಡುಗರಿಗೆ ಮಾತ್ರ ಡ್ರಾಫ್ಟು. ಹೊರಗಿನೋರು ನೇರ ಸಹಿ ಹಾಕ್ತಾರೆ, ಅವರಿಗೆ ನಂಬರೇ ಇಲ್ಲ. ಪುಣ್ಯವಂತರು.

ಪ್ರಶ್ನೆ: ಕೊನೆಯದಾಗಿ, ಈ ಸಲದ ಡ್ರಾಫ್ಟಿನಲ್ಲಿ ಯಾವ ಹುಡುಗ ಮುಂದೆ ಬರುತ್ತಾನೆ? ನಿಮ್ಮ ಅನುಭವದ ಮೇಲೆ ಹೇಳಿ.

1390: ಏಳೆಂಟು ವರ್ಷ ಬಿಟ್ಟು ಇದೇ ಬೆಂಚಿಗೆ ಬನ್ನಿ. ‘ನಾನು ಅವತ್ತೇ ಹೇಳಿದ್ದೆ’ ಅಂತ ಹೇಳ್ತೀನಿ, ಬರ್ಕೊಂಡು ಹೋಗಿ. ಫೋಟೋ ತೆಗೆಯೋದಾದ್ರೆ ಎಡಗಡೆಯಿಂದ ತೆಗೀರಿ, ಸೊನ್ನೆ ಸವೆದಿರೋದು ಕಾಣ್ಬಾರ್ದು.