ಬಣ್ಣದ ವೇಷಕ್ಕೆ ಎಷ್ಟು ಫ್ರೇಮು?

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನಮ್ಮ ಕರಾವಳಿಯಲ್ಲಿ ಪ್ರೇಕ್ಷಕರು ಎರಡು ಪಂಗಡವಾಗುತ್ತಾರೆ: ಆಟ ನೋಡುವವರು, ಆಟ ಹಿಡಿಯುವವರು. ನಾನು ಎರಡನೆಯ ಪಂಗಡದವನು. ನೋಡುವವರಿಗೆ ಒಂದು ಚಾಪೆ, ಒಂದು ಪೊಟ್ಟಣ ಚರುಮುರಿ ಇದ್ದರೆ ಸಾಕು. ನಮಗೆ ಚೌಕಿಪೂಜೆಯ ಹೊತ್ತಿಗೇ ಫೋನಿನ ಸೆಟ್ಟಿಂಗು ತೆರೆದು ತಲೆ ಕೆರೆದುಕೊಳ್ಳುವ ಯೋಗ.

1080ಪಿ 30, 4ಕೆ 24, 4ಕೆ 60, ಎಚ್‌ಡಿಆರ್, ಲಾಗ್. ದೊಡ್ಡ ಅಂಕಿ ಕಂಡಲ್ಲಿಗೇ ಬೆರಳು ಹೋಗುತ್ತದೆ. ಅಷ್ಟು ದುಡ್ಡು ಸುರಿದು ತಂದ ಫೋನಿನಲ್ಲಿ 60 ಇರುವಾಗ 24 ಒತ್ತಲು ಮನಸ್ಸಾದರೂ ಹೇಗೆ ಬಂದೀತು?

ಊರಿನ ಮದುವೆ ಮುಂಜಿಗಳನ್ನೆಲ್ಲ ಹಿಡಿಯುವ ಸ್ಟುಡಿಯೋದವರಲ್ಲಿ ಮಾತೆತ್ತಿದರೆ ಲೆನ್ಸು ಒರೆಸುತ್ತಲೇ ಹೇಳುತ್ತಾರೆ: "ಇರುವುದು ಒಂದೇ ಕೊಪ್ಪರಿಗೆ ಪಾಯಸ ಮಾರಾಯ್ರೇ. 25 ಎಲೆ ಹಾಕಿದರೆ ಹೊಟ್ಟೆ ತುಂಬ. 60 ಎಲೆ ಹಾಕಿದಿರೋ, ಒಬ್ಬೊಬ್ಬರಿಗೆ ಅರ್ಧ ಸೌಟು." ಲೆಕ್ಕ ಸರಿಯೇ. 60 ಫ್ರೇಮಿನಲ್ಲಿ ಒಂದು ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಸೆಕೆಂಡಿನ 60ರಲ್ಲೊಂದು ಪಾಲು. ಕೊರತೆ ಬಿದ್ದ ಬೆಳಕನ್ನು ಫೋನು ಐಎಸ್‌ಒ ಏರಿಸಿ ತುಂಬಿಸುತ್ತದೆ, ಕತ್ತಲಿದ್ದಲ್ಲೆಲ್ಲ ಕಾಳುಕಾಳು. ವೇಷ ಕುಣಿಯುವ ಮೊದಲೇ ಆಕಾಶ ಕುಣಿಯತೊಡಗುತ್ತದೆ.

25ಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಶಟರು 50ರಲ್ಲೊಂದಕ್ಕೆ ನಿಂತರೆ ಪ್ರತಿ ಫ್ರೇಮಿಗೂ ಎರಡೆರಡು ಮಿಟುಕು, ಜಗಳವಿಲ್ಲ. ಅಮೆರಿಕದ 60 ಹರ್ಟ್ಸಿಗೆ ಹೊಂದಿ ಹುಟ್ಟಿದ 30ರ ಲೆಕ್ಕವನ್ನು ಇಲ್ಲಿಗೆ ತಂದರೆ ರಂಗಸ್ಥಳದ ಮೇಲೆ ಮಸುಕು ಪಟ್ಟೆಗಳು ಮೆಲ್ಲಗೆ ಹತ್ತಿಳಿಯುತ್ತವೆ. ಭಾಗವತರ ಗಮನಕ್ಕೆ ಬಾರದ ಒಂದು ಹೆಚ್ಚುವರಿ ಪಾತ್ರ! ಆಟ ಜನರೇಟರಿನಲ್ಲಿ ನಡೆಯುತ್ತಿದ್ದರೆ ಆ 50 ಕೂಡ ಡೀಸೆಲಿನ ಮರ್ಜಿ.

ಇನ್ನು ಕೋಡೆಕ್. ಎಚ್.264ಕ್ಕಿಂತ ಎಚ್.265 ಜಾಣ, ಕಡಿಮೆ ಜಾಗದಲ್ಲಿ ಸಂಸಾರ ತೂಗಿಸುತ್ತದೆ. ಎರಡರ ಉಪಾಯವೂ ಒಂದೇ: ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದಿಡುವುದು. ಕತ್ತಲೆಯ ಕಾಳುಗಳೋ ಫ್ರೇಮು ಫ್ರೇಮಿಗೂ ಜಾಗ ಬದಲಿಸುತ್ತವೆ. ಪಾಪ, ಅವನ್ನು ಎಣಿಸುವುದರಲ್ಲೇ ಬಿಟ್‌ರೇಟು ಖರ್ಚಾಗಿ, ವೇಷದ ಮುಖಕ್ಕೆ ಬರುವಾಗ ಕೈ ಖಾಲಿ. ಚೌಕ ಚೌಕ ಕಾಣಿಸಿ ಕೈ ತೊಳೆದುಕೊಳ್ಳುತ್ತದೆ.

"ದೊಡ್ಡಪ್ಪ, ಲಾಗಿನಲ್ಲಿ ಹಿಡೀರಿ, ಸಿನೆಮಾದವರು ಅದರಲ್ಲೇ ಹಿಡಿಯುವುದು" ಎಂಬುದು ಬೆಂಗಳೂರಿನಲ್ಲಿರುವ ತಮ್ಮನ ಮಗನ ವಾದ. ಸಿನೆಮಾದವರ ಬೆನ್ನಿಗೆ ಒಂದು ಲಾರಿ ದೀಪವೂ ಬರುತ್ತದಲ್ಲ! ದೀಪ ಬೇಡವೆಂದ ಸ್ಟ್ಯಾನ್ಲಿ ಕುಬ್ರಿಕ್, 1975ರ 'ಬ್ಯಾರಿ ಲಿಂಡನ್'ನಲ್ಲಿ ಮೇಣದ ಬತ್ತಿಯ ಬೆಳಕಿನ ದೃಶ್ಯಗಳಿಗೆಂದು ನಾಸಾಕ್ಕಾಗಿ ತಯಾರಾಗಿದ್ದ ಜೈಸ್‌ನ ಎಫ್/0.7 ಲೆನ್ಸನ್ನೇ ತಂದಿಟ್ಟುಕೊಂಡ. ಲಾಗ್ ನೆರಳನ್ನು ಮೇಲೆತ್ತುತ್ತದೆ. ನೆರಳಿನ ಬಾಲ ಹಿಡಿದು ಕಾಳೂ ಮೇಲೇಳುತ್ತದೆ. 10-ಬಿಟ್ ಸಿಕ್ಕಿದರೆ ಮಾತ್ರ ಬಿಡಬೇಡಿ. ಒಂದೊಂದು ಬಣ್ಣಕ್ಕೆ 256ರ ಬದಲು 1024 ಮೆಟ್ಟಿಲು, ದೀಪದ ಪ್ರಭೆ ಕತ್ತಲಿಗಿಳಿಯುವಲ್ಲಿ ಎಡವುವುದು ಕಡಿಮೆ.

ನಿಜವಾದ ಪರೀಕ್ಷೆ ಇರುವುದು 'ದೇವಿ ಮಹಾತ್ಮೆ'ಯ ಮಹಿಷಾಸುರನದು. ಅವನು ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವ ಆಸಾಮಿಯಲ್ಲ. ಸಭೆಯ ಹಿಂದಿನಿಂದ, ದೊಂದಿಗಳ ನಡುವೆ, ಅಬ್ಬರಿಸುತ್ತಾ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದೊಡನೆ ಬೆಂಕಿ ಭುಗಿಲ್ಲೆನ್ನುತ್ತದೆ. ಆಟೋ ಎಕ್ಸ್‌ಪೋಶರು ಬೆಚ್ಚಿಬಿದ್ದು ಎಲ್ಲವನ್ನೂ ಕಪ್ಪು ಮಾಡುತ್ತದೆ. ಬೆಂಕಿ ತಗ್ಗಿದ ಮೇಲೆ ಧೈರ್ಯ ತಂದುಕೊಂಡು ಕಣ್ಣು ಬಿಡುವಷ್ಟರಲ್ಲಿ ಮತ್ತೊಂದು ಹಿಡಿ ರಾಳ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟ ಅಕ್ಕಿಹಿಟ್ಟಿನ ಚುಟ್ಟಿ ಒಂದೋ ಬಿಳಿ ಮುದ್ದೆ, ಇಲ್ಲವೋ ಮಾಯ. ಪರದೆಯಲ್ಲಿ ಆ ಚುಟ್ಟಿಯ ಮೇಲೆಯೇ ಬೆರಳೊತ್ತಿ ಎಕ್ಸ್‌ಪೋಶರು ಲಾಕ್ ಮಾಡಿದವನು ಗೆದ್ದ. ಹಿನ್ನೆಲೆ ಕಪ್ಪಾದರೆ ಆಗಲಿ, ರಾತ್ರಿ ಇರುವುದೇ ಹಾಗೆ.

4ಕೆ 60ರಲ್ಲಿ ನನ್ನ ಫೋನು ನಿಮಿಷಕ್ಕೆ ಸುಮಾರು 400 ಎಂಬಿ ನುಂಗುತ್ತದೆ, 1080ಪಿ 30ರಲ್ಲಿ 60. ಯಾವುದರಲ್ಲಿ ಹಿಡಿದರೂ ಮುಂಬೈಯ ಚಿಕ್ಕಮ್ಮನಿಗೆ ಕಳಿಸುವಾಗ ಮೆಸೇಜಿನ ಆ್ಯಪು ಎಲ್ಲವನ್ನೂ ಒಂದೇ ಅಳತೆಗೆ ಹಿಂಡುತ್ತದೆ. ಮೊನ್ನೆ ಉತ್ತರ ಬಂತು: "ಚೆಂಡೆ ಲಾಯ್ಕ ಕೇಳ್ತದೆ. ಮಹಿಷಾಸುರ ಎಲ್ಲಿ?"

ನಡುವೆ ಇರುವುದು ಅವನೇ ಎಂದು ತಿಳಿಸಿದೆ.

"ಓ, ನಾನು ಯಾರದೋ ಕೋಣ ನುಗ್ಗಿದ್ದು ಅಂತ ಎಣಿಸಿದೆ."

ಪುರಾಣದ ಪ್ರಕಾರ ಅವರ ಮಾತಿನಲ್ಲಿ ತಪ್ಪೇನಿಲ್ಲ.