ಕಡಲಿನ ಬಿಡಾಡಿ ದನಗಳು

ಬಿಡಾಡಿ ದನ ಯಾರದೋ ಹೊಲಕ್ಕೆ ನುಗ್ಗಿದರೆ ನಮ್ಮ ಹಳ್ಳಿಗಳಲ್ಲಿ ಒಂದು ವ್ಯವಸ್ಥೆ ಇತ್ತು. ಹೊಲದವನು ಅದನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಿದ್ದ. ದನದ ಯಜಮಾನ ಬಂದು, ಒಂದಿಷ್ಟು ಎಗರಾಡಿ, ಬಿಡಿಸಿಕೊಂಡು ಹೋಗುತ್ತಿದ್ದ. ಕೊರಳ ಗಂಟೆ ಮಾತ್ರ ಕೆಲವೊಮ್ಮೆ ದೊಡ್ಡಿಯಲ್ಲೇ ಉಳಿದುಬಿಡುತ್ತಿತ್ತು. ಊರುಗಳಲ್ಲಿ ಅಳಿದುಹೋದ ಈ ಪದ್ಧತಿಯನ್ನು ಈಗ ಜಗತ್ತಿನ ನೌಕಾಪಡೆಗಳು ಕಾಪಾಡಿಕೊಂಡು ಬರುತ್ತಿವೆ.

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೌಕಾಪಡೆ ಬಹ್ರೇನಿನಲ್ಲಿ 'ಟಾಸ್ಕ್ ಫೋರ್ಸ್ 59' ಕಟ್ಟಿತು. ಜನವಿಲ್ಲದ ದೋಣಿಗಳನ್ನು ಜನವಿರುವ ನೌಕಾಪಡೆಗೆ ಒಗ್ಗಿಸುವುದು ಅದರ ಕೆಲಸ. ಅಲ್ಲಿ ಓಡಾಡುತ್ತಿದ್ದ ಸೇಲ್‌ಡ್ರೋನ್ ಎಕ್ಸ್‌ಪ್ಲೋರರ್‌ಗೆ 23 ಅಡಿ ಉದ್ದ. ಗಾಳಿ ಕುಡಿದು ಓಡುತ್ತದೆ, ಬಿಸಿಲು ತಿಂದು ನೋಡುತ್ತದೆ. ಅದಕ್ಕೆ ರಜೆ ಬೇಡ, ಪಿಂಚಣಿ ಬೇಡ, ಮನೆಯಿಂದ ಫೋನೂ ಬರುವುದಿಲ್ಲ.

2022ರ ಆಗಸ್ಟ್ ಕೊನೆಯ ಒಂದು ರಾತ್ರಿ, ಇರಾನಿನ ಹಡಗೊಂದು ಇದಕ್ಕೆ ಹಗ್ಗ ಬಿಗಿದು ಎಳೆದುಕೊಂಡು ಹೊರಟಿತು. ಬೇಡ ಎನ್ನಲು ದೋಣಿಯಲ್ಲಿ ಯಾರೂ ಇರಲಿಲ್ಲ. ಆಗ ಒಂದು ಗಸ್ತು ಹಡಗು, ಒಂದು ಹೆಲಿಕಾಪ್ಟರ್ ಧಾವಿಸಿದವು. ಎರಡರ ತುಂಬ ಜನ! ಸುಮಾರು ನಾಲ್ಕು ಗಂಟೆಯ ಮೇಲೆ ಇರಾನಿನವರು ಹಗ್ಗ ಬಿಚ್ಚಿದರು. ಅದರಲ್ಲಿ ಗುಟ್ಟಿನ ಸಾಮಾನು ಏನೂ ಇರಲಿಲ್ಲ, ಎಲ್ಲ ಅಂಗಡಿಯಲ್ಲಿ ಸಿಗುವಂಥದ್ದೇ ಎಂದು ಅಮೆರಿಕ ಹೇಳಿತು. ಹಾಗಿದ್ದರೆ ಅಷ್ಟೊಂದು ಓಡಿದ್ದೇಕೆ ಎಂದು ಕೇಳಬಾರದು. ದೋಣಿ ಮಾನವರಹಿತ ಇರಬಹುದು, ಮಾನರಹಿತವಲ್ಲ.

ವಾರ ಕಳೆಯುವುದರೊಳಗೆ ಕೆಂಪು ಸಮುದ್ರದಲ್ಲಿ ಮತ್ತೆರಡು ದೊಡ್ಡಿಗೆ ಬಿದ್ದವು. ಇರಾನಿನ ಯುದ್ಧನೌಕೆ ಜಮಾರಾನ್ ಅವನ್ನು ಎತ್ತಿ ತನ್ನ ಮೇಲೆಯೇ ಹಾಕಿಕೊಂಡಿತು. ದಾರಿಯಲ್ಲಿ ಅನಾಥವಾಗಿ ಬಿದ್ದಿದ್ದವು, ಹೋಗಿಬರುವ ಹಡಗಿಗೆ ಅಪಾಯ ಆಗದಿರಲೆಂದು ಎತ್ತಿದೆವು ಎಂಬುದು ಅವರ ವಾದ. ಥೇಟ್ ಹೊಲದ ಗೌಡನ ಮಾತು. ಈ ಸಲ ಬಿಡಿಸಲು ಹೋದದ್ದು ಎರಡು ಡೆಸ್ಟ್ರಾಯರ್‌ಗಳು. ಮರುದಿನ ದೋಣಿಗಳನ್ನು ನೀರಿಗೆ ತಳ್ಳಿದರು. ಸಿಕ್ಕಿದ ಮೇಲೆ ನೋಡಿದರೆ ಕ್ಯಾಮೆರಾಗಳು ಇರಲಿಲ್ಲ. ಗಂಟೆ ದೊಡ್ಡಿಯಲ್ಲೇ ಉಳಿಯಿತು.

ಕಾನೂನು ಏನನ್ನುತ್ತದೆ? 1982ರ ಸಮುದ್ರ ಕಾನೂನು ಒಪ್ಪಂದದ 29ನೇ ವಿಧಿಯ ಪ್ರಕಾರ ಯುದ್ಧನೌಕೆ ಎಂದರೆ ಅದಕ್ಕೊಬ್ಬ ಅಧಿಕಾರಿ ಇರಬೇಕು, ಶಿಸ್ತಿನ ಸಿಬ್ಬಂದಿ ಇರಬೇಕು. ಹಾಗಾದರೆ ಯಾರೂ ಇಲ್ಲದ ಇದು ಹಡಗೋ, ಸಲಕರಣೆಯೋ, ತೇಲುವ ಕಸವೋ? ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಅಂದಹಾಗೆ ಆ ಒಪ್ಪಂದವನ್ನು ಅಮೆರಿಕವೂ ಅನುಮೋದಿಸಿಲ್ಲ, ಇರಾನೂ ಅನುಮೋದಿಸಿಲ್ಲ.

ಈ ತಾಪತ್ರಯ ಉಕ್ರೇನಿಗಿಲ್ಲ. 2022ರಲ್ಲಿ ತನ್ನ ಮುಖ್ಯ ಯುದ್ಧನೌಕೆಯನ್ನು ಶತ್ರು ಕೈಗೆ ಸಿಗಬಾರದೆಂದು ತಾನೇ ಮುಳುಗಿಸಿಕೊಂಡ ದೇಶ ಅದು. ಒಗ್ಗಿಸಿಕೊಳ್ಳಲು ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಮೇಲೆ ಒಗ್ಗಿಸುವ ಸಮಿತಿ ಎಲ್ಲಿಂದ ಬರಬೇಕು? ಅವರ ಜನವಿಲ್ಲದ ಮಗುರಾ ದೋಣಿಗಳು 2024ರ ಫೆಬ್ರುವರಿ ಒಂದೇ ತಿಂಗಳಲ್ಲಿ ರಷ್ಯಾದ ಇವಾನೊವೆಟ್ಸ್, ಸೀಸರ್ ಕುನಿಕೊವ್ ಎಂಬ ಎರಡು ಹಡಗುಗಳನ್ನು ಕಡಲ ತಳ ಸೇರಿಸಿದವು. ಅವು ಮೇಯಲು ಬಿಟ್ಟ ದನಗಳಲ್ಲ, ಗುಮ್ಮಲು ಬಿಟ್ಟ ಗೂಳಿಗಳು. ಸಂಜೆಗೆ ಕೊಟ್ಟಿಗೆಗೆ ಬರಲಿಲ್ಲವೆಂದು ಯಾರೂ ಹುಡುಕುವುದಿಲ್ಲ.

ನಾವೂ ಹಿಂದೆ ಬಿದ್ದಿಲ್ಲ. ಅಮೆರಿಕದಿಂದ ಬಾಡಿಗೆಗೆ ತಂದು ಅರಕ್ಕೋಣಂನಿಂದ ಹಾರಿಸುತ್ತಿದ್ದ ಎರಡು ಸೀಗಾರ್ಡಿಯನ್ ಡ್ರೋನ್ ವಿಮಾನಗಳಲ್ಲಿ ಒಂದು, 2024ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಂದರೆಯಿಂದ ಚೆನ್ನೈ ಬಳಿಯ ಸಮುದ್ರಕ್ಕೆ ಇಳಿಯಿತು. ತಿಂಗಳು ತುಂಬುವ ಮೊದಲೇ ಅದೇ ಜಾತಿಯ 31ಕ್ಕೆ ಸಹಿ ಬಿತ್ತು, ಸುಮಾರು 32,000 ಕೋಟಿ ರೂಪಾಯಿಗೆ. ಬಾಡಿಗೆ ಮನೆಯ ಚಾವಣಿ ಸೋರಿದರೆ ನಾವು ಬೀದಿಯನ್ನೇ ಖರೀದಿಸುವ ಜನ.

ಮತ್ತೆ ಅಮೆರಿಕಕ್ಕೆ ಬಂದರೆ, 2025ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಅಲ್ಲಿನ ನೌಕಾಪಡೆಯ ಪರೀಕ್ಷೆ ನಡೆಯುತ್ತಿದ್ದಾಗ ಒಂದು ಡ್ರೋನ್ ದೋಣಿ ಇದ್ದಕ್ಕಿದ್ದಂತೆ ನಿಂತಿತು. ಇನ್ನೊಂದು ಬಂದು ಗುದ್ದಿ, ಅದರ ಮೇಲೆ ಹತ್ತಿ ಆಚೆಗೆ ಹಾರಿತು. ಇಳಿದು 'ಕಣ್ಣು ಕಾಣಲ್ವೇನೋ' ಎಂದು ಬೈಯಲು ಎರಡರಲ್ಲೂ ಜನವಿರಲಿಲ್ಲ. ಅದಕ್ಕೆ ಕೆಲವು ವಾರ ಮೊದಲು ಇಂಥದ್ದೇ ಒಂದನ್ನು ಸಹಾಯಕ ದೋಣಿಗೆ ಕಟ್ಟಿ ಎಳೆದೊಯ್ಯುತ್ತಿದ್ದರಂತೆ. ನಡುದಾರಿಯಲ್ಲಿ ಅದಕ್ಕೇನನ್ನಿಸಿತೋ, ಒಮ್ಮೆಲೇ ವೇಗ ಹಿಡಿದು ಎಳೆಯುತ್ತಿದ್ದ ದೋಣಿಯನ್ನೇ ಮಗುಚಿಹಾಕಿತು. ನೀರಿಗೆ ಬಿದ್ದವನು ಮನುಷ್ಯನೇ, ಆ ದೋಣಿಯ ಕ್ಯಾಪ್ಟನ್.